ಕೇಳಿದವರ ಸಹಿ

೧೦ ಜನವರಿ ೨೦೦೫, ಸೋಮವಾರ

ಮೆಡಿಕಲ್ ಶಾಪಿನವನು ಹೊಸ ವರ್ಷದ ಡೈರಿ ಕೊಟ್ಟಿದ್ದ. ಅವನ ಅಂಗಡಿಗೆ ನನ್ನಷ್ಟು ನಿಯತ್ತಿನ ಗಿರಾಕಿ ಭದ್ರಾವತಿಯ ಓಲ್ಡ್ ಟೌನಿನಲ್ಲೇ ಇನ್ನೊಬ್ಬನಿಲ್ಲ. ಹತ್ತು ದಿನ ಟಿ.ವಿ. ಮೇಲೆ ಸುಮ್ಮನೆ ಬಿದ್ದಿದ್ದ ಡೈರಿಗೆ ಇವತ್ತು ಕೆಲಸ ಬಂತು.

ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು ನಾನು. ಪಾಳಿ ಮುಗಿಯುವಾಗ ಲಾಗ್ ಪುಸ್ತಕ ಬರೆಯಲೇಬೇಕಿತ್ತು. ಯಾವ ಯಂತ್ರ ಹೇಗಿದೆ, ನಡುಕ ಎಷ್ಟು, ಶಬ್ದ ಹೇಗೆ, ಕೇಳಿದವರು ಯಾರು, ಸಹಿ. ವಿ.ಆರ್.ಎಸ್. ತೆಗೆದುಕೊಂಡ ಮೇಲೆ ಬರೆಯುವುದಕ್ಕೆ ಯಂತ್ರವೇ ಇರಲಿಲ್ಲ. ಈಗ ಒಂದು ಸಿಗುತ್ತಿದೆ, ಅದೂ ನನ್ನ ಎಡಗೈಯೊಳಗೇ.

ಬುಧವಾರ ಶಿವಮೊಗ್ಗದಲ್ಲಿ ಆಪರೇಷನ್. ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಕೈಗೆ ರಕ್ತ ತರುವ ನಾಳವನ್ನೂ, ವಾಪಸ್ ಒಯ್ಯುವ ನಾಳವನ್ನೂ ಮಣಿಕಟ್ಟಿನ ಹತ್ತಿರ ಸೇರಿಸಿ ಹೊಲಿಯುತ್ತಾರಂತೆ. ಜೋರಿನ ರಕ್ತ ನುಗ್ಗಿ ನುಗ್ಗಿ ವಾಪಸ್ ಒಯ್ಯುವ ನಾಳ ಆರು ವಾರದಲ್ಲಿ ಹಗ್ಗದಷ್ಟು ದಪ್ಪವಾಗುತ್ತದೆ. ಆಮೇಲೆ ಡಯಾಲಿಸಿಸ್‌ನ ಸೂಜಿ ಅಲ್ಲಿಗೇ ಚುಚ್ಚಬಹುದು. ಫಿಸ್ಟುಲಾ ಎಂದು ಅದರ ಹೆಸರು.

"ಅಂದ್ರೆ ಬೈಪಾಸ್ ಲೈನು" ಎಂದೆ.

"ನಿಮಗೆ ಬೇಗ ಅರ್ಥ ಆಗತ್ತೆ ಓಬಯ್ಯನವರೇ" ಎಂದರು.

ಆಗದೇ ಏನು. ಆದರೆ ಆಮೇಲೆ ಹೇಳಿದ್ದು ಅಷ್ಟು ಖುಷಿಯ ಮಾತಲ್ಲ. ಹದಿನೇಳು ವರ್ಷದ ಸಕ್ಕರೆ ಕಾಯಿಲೆ ನನ್ನ ಕಿಡ್ನಿಗಳನ್ನು ತಿಂದದ್ದಲ್ಲದೆ ರಕ್ತನಾಳಗಳನ್ನೂ ಹಳೇ ನೀರಿನ ಪೈಪಿನ ಹಾಗೆ ಒಳಗೊಳಗೇ ಕೆಡಿಸಿದೆ. ಬಲಗೈಯವು ಡ್ರಿಪ್ಪು, ಇಂಜೆಕ್ಷನ್ನು ಎಂದು ಹಾಳಾಗಿವೆ. ಎಡಗೈಯಲ್ಲಿ ಒಂದೇ ಒಂದು ನೆಟ್ಟಗಿದೆ. ಸದ್ಯಕ್ಕೆ ಕುತ್ತಿಗೆಗೆ ಹಾಕಿರುವ ಪೈಪಿನಲ್ಲಿ ಡಯಾಲಿಸಿಸ್ ನಡೆಯುತ್ತಿದೆ, ಅದು ಒಂದು ಸಲ ಕೀವಾಗಿ ಬದಲಾಯಿಸಿದ್ದೂ ಆಯಿತು. "ಅದನ್ನ ಬಹಳ ದಿನ ನಂಬೋಕಾಗಲ್ಲ. ಈ ಕೈ ಹಿಡೀಲೇಬೇಕು" ಎಂದರು. ಸ್ಪೇರ್ ಇಲ್ಲದ ಯಂತ್ರ ಎಂದು ಅರ್ಥವಾಯಿತು.

ನನ್ನ ಹೆಂಡತಿ ಮಾಸ್ತಮ್ಮ ಅಲ್ಲೇ ಮೂಲೆಯಲ್ಲಿ ಕೂತಿದ್ದಳು. ಬಸ್ಸು ಮಲವಗೊಪ್ಪ ದಾಟಿದ ಮೇಲೆ ಕೇಳಿದಳು.

"ಆ ಕೈಯಾಗೆ ಉಣ್ಣಬೋದೇನ್ರೀ?"

"ಎಡಗೈ ಕಣೇ ಅದು."

"ಓ, ಸರಿ ಬಿಡಿ" ಎಂದು ನಿಶ್ಚಿಂತೆಯಾಗಿ ನಿದ್ದೆ ಹೋದಳು.

೧೨ ಜನವರಿ, ಬುಧವಾರ

ಆಯಿತು. ಕೈ ಮರಗಟ್ಟಿದೆ. ಬರೆಯುವುದು ಬಲಗೈಯಾದ್ದರಿಂದ ನೆಪ ಹೇಳುವಂತಿಲ್ಲ, ಆದರೂ ನಿದ್ದೆ ಬರುತ್ತಿದೆ.

೧೪ ಜನವರಿ, ಶುಕ್ರವಾರ

ನಿನ್ನೆ ಒಂದು ಪೆದ್ದುತನ ಮಾಡಿದೆ. ಇಲ್ಲಿ ಮಾತ್ರ ಬರೆದಿಡುತ್ತೇನೆ.

ಮಧ್ಯಾಹ್ನ ಬ್ಯಾಂಡೇಜಿನ ಮೇಲೆ ಬೆರಳಿಟ್ಟು ನೋಡಿದರೆ ಒಳಗೆ ಗುರ್ ಎಂದು ನಡುಕ. ಬೆಕ್ಕಿನ ಹೊಟ್ಟೆ ಮುಟ್ಟಿದ ಹಾಗೆ. ಫಿಟ್ಟರ್ ಆದವನಿಗೆ ಪೈಪು ನಡುಗಿದರೆ ಗೊತ್ತಿರುವುದು ಒಂದೇ ಮದ್ದು, ಕ್ಲ್ಯಾಂಪ್ ಹಾಕಿ ಬಿಗಿ. ಟವಲ್ಲು ಸುತ್ತಿ, ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ಮಲಗಿದೆ. ಮಾಸ್ತಮ್ಮ ಬಂದು ನೋಡುವಾಗ ಬೆರಳೆಲ್ಲ ತಣ್ಣಗಾಗಿದ್ದವಂತೆ. "ಅಯ್ಯೋ ನಿಮ್ಮ ಬುದ್ಧಿಗಿಷ್ಟು" ಎಂದು ಬಿಚ್ಚಿ ಎಸೆದಳು.

ಇವತ್ತು ಡಯಾಲಿಸಿಸ್‌ನಲ್ಲಿ ಶಿವಪ್ರಸಾದ್‌ಗೆ ಹೇಳಿಯೂಬಿಟ್ಟಳು. ಮಂಗಳವಾರ, ಶುಕ್ರವಾರ ನನ್ನನ್ನು ಆ ಯಂತ್ರಕ್ಕೆ ಜೋಡಿಸುವ ಟೆಕ್ನಿಷಿಯನ್ ಅವನು. ಸಾಗರದ ಕಡೆಯ ಹುಡುಗ, ಒಳ್ಳೇ ಕೈ. ತಲೆ ಚಚ್ಚಿಕೊಂಡ.

"ನಡುಗ್ತಾ ಇದ್ರೇನೇ ಅದು ಜೀವಂತ ಇದೆ ಅಂತ ಓಬಯ್ಯನೋರೇ. ನಡುಕ ನಿಂತ್ರೆ ಮುಗೀತು, ಓಡ್ಕೊಂಡು ಬರ್ಬೇಕು. ಆ ಕೈಗೆ ವಾಚ್ ಕಟ್ಬೇಡಿ, ಭಾರ ಎತ್ಬೇಡಿ, ಅದರ ಮೇಲೆ ಮಲಗ್ಬೇಡಿ. ಯಾರಾದ್ರೂ ಬಿ.ಪಿ. ನೋಡೋಕ್ಕೆ ಬಂದ್ರೆ ಜಗಳ ಮಾಡಿ."

ಜಗಳ ಮಾಡುವುದು ನನಗೆ ಕಷ್ಟವಿಲ್ಲ ಎಂದೆ. ದಿನಾ ಬೆಳಿಗ್ಗೆ ಬೆರಳಿಟ್ಟು ನಡುಕ ನೋಡಬೇಕು, ಕಿವಿಯಿಟ್ಟು ಶಬ್ದ ಕೇಳಬೇಕು ಎಂದ. ಕಿವಿಯ ಕೆಲಸ ಎಂದಾಗ ನನಗೆ ಎದೆ ಉಬ್ಬಿತು.

ಪಕ್ಕದ ಮಂಚದ ಉಮಾಮಹೇಶ್ವರ ಮೇಷ್ಟ್ರು, ಶಿವಮೊಗ್ಗದ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದವರು, ಅವರೂ ಏನೋ ಹೇಳಿ ನಕ್ಕರು. ಒಳ್ಳೆಯವರು, ಆದರೆ ಮಾತೆಲ್ಲ ಬಾಯೊಳಗೇ. ಮಕ್ಕಳಿಗೆ ಹೇಗೆ ಪಾಠ ಮಾಡಿದರೋ. ನಾಲ್ಕು ವರ್ಷದಿಂದ ಅವರ ಕೈಯಲ್ಲಿ ಫಿಸ್ಟುಲಾ ಇದೆ, ಸೋರೆ ಬಳ್ಳಿಯ ಹಾಗೆ ಉಬ್ಬಿಕೊಂಡು ಜೋರಾಗಿದೆ. ನೋಡಿ ಹೊಟ್ಟೆ ಉರಿಯಿತು.

ಇವತ್ತು ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಬೇಕಂತೆ. ಬೆಲ್ಲ ತಿನ್ನುವಂತಿಲ್ಲದ ನನಗೆ ಒಳ್ಳೇ ಮಾತಿನ ಹಂಗೂ ಇಲ್ಲ.

೧೯ ಜನವರಿ, ಬುಧವಾರ

ಲಾಗ್ ಶುರು.

ಕಾರ್ಖಾನೆಯಲ್ಲಿ ನನ್ನನ್ನು ಕಿವಿ ಓಬಯ್ಯ ಎನ್ನುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನ ಗುಟ್ಟೆಲ್ಲ ಹೊರಗೆ. ಒಂದು ಸಲ ಹೊಸ ಎಂಜಿನಿಯರು ಎಲ್ಲ ಸರಿ ಇದೆ ಎಂದು ಸಹಿ ಹಾಕಿದ್ದ. ನಾನು ಹಟ ಹಿಡಿದು ಬಿಚ್ಚಿಸಿದೆ. ಬೇರಿಂಗಿನೊಳಗೆ ಕೂದಲೆಳೆಯ ಬಿರುಕು. ಆಮೇಲೆ ಆ ಎಂಜಿನಿಯರು ರಜೆಯ ದಿನವೂ ಮನೆಗೆ ಜೀಪು ಕಳಿಸುತ್ತಿದ್ದ.

ಇವತ್ತು ಅದೇ ಸ್ಕ್ರೂಡ್ರೈವರ್ ಹುಡುಕಿ ತೆಗೆದೆ. ಕೈ ಮೇಲೆ ಇಡುವಷ್ಟರಲ್ಲಿ ಮಾಸ್ತಮ್ಮ ಕಿರುಚಿಕೊಂಡಳು, ಪಕ್ಕದ ಮನೆ ಈಶ್ವರಮ್ಮ ಓಡಿ ಬಂದರು. ಕೊನೆಗೆ ಮಣಿಕಟ್ಟನ್ನೇ ಎತ್ತಿ ಕಿವಿಗಿಟ್ಟುಕೊಂಡೆ. ಹೂಂ ಎಂದು ಒಂದೇ ಸಮ, ಚೆನ್ನಾಗಿ ಗ್ರೀಸ್ ಬಿಟ್ಟ ಮೋಟಾರಿನ ಶಬ್ದ. ಇಷ್ಟು ಸಣ್ಣ ಜಾಗದಲ್ಲಿ ಇಂಥ ಕೆಲಸ ಮಾಡಿದ ಡಾಕ್ಟರು ನಮ್ಮ ಕಾರ್ಖಾನೆಯಲ್ಲಿದ್ದಿದ್ದರೆ ಫೋರ್ಮನ್ ಆಗುತ್ತಿದ್ದರು.

ನಡುಕ: ಇದೆ. ಶಬ್ದ: ಸರಿ. ಕೇಳಿದವರು: ಓಬಯ್ಯ.

೨೩ ಜನವರಿ, ಭಾನುವಾರ

ನಡುಕ: ಇದೆ. ಶಬ್ದ: ಸರಿ. ಕೇಳಿದವರು: ಓಬಯ್ಯ.

ಮನೆಯಲ್ಲಿ ಬೇರೆ ಯಂತ್ರಗಳೇ ಸರಿ ಇಲ್ಲ. ಕುಕ್ಕರು ಕೂಗುವುದನ್ನೇ ಬಿಟ್ಟಿದೆ. ಮಾಸ್ತಮ್ಮ ಕೂಗಿತು ಎನ್ನುತ್ತಾಳೆ, ಅವಳಿಗೆ ವಯಸ್ಸಾಯಿತು. ಬಿಚ್ಚಿ, ವಾಷರ್ ಬದಲಾಯಿಸಿ, ವೆಯ್ಟಿನ ತೂತಿಗೆ ಸೂಜಿ ಹಾಕಿ ಶುದ್ಧ ಮಾಡಿದೆ. ಆದರೂ ಇಲ್ಲ. ಈಗಿನ ಮಾಲೇ ಇಷ್ಟು.

ದಾವಣಗೆರೆಯಿಂದ ಮಗಳು ರಂಜಿನಿ ಫೋನ್ ಮಾಡಿ ಬೈದಳು. ನಿನ್ನೆ ಅಮ್ಮ ಅಂಗಡಿಗೆ ಹೋದಾಗ ನಾಲ್ಕು ಸಲ ಮಾಡಿದಳಂತೆ, ನಾನು ಎತ್ತಲಿಲ್ಲವಂತೆ. ಫೋನಿನ ಪಕ್ಕವೇ ಕೂತಿದ್ದೆ, ಬಾರಿಸಲೇ ಇಲ್ಲ. ಸೂರಿನಲ್ಲಿ ಗೂಡು ಕಟ್ಟಿದ್ದ ಗುಬ್ಬಿಗಳೂ ಎಲ್ಲಿಗೋ ಹೋಗಿವೆ, ಸದ್ದಿಲ್ಲ.

ಇಷ್ಟು ನಿಶ್ಶಬ್ದವಾದ ಮನೆಯಲ್ಲಿ ಕೂತಾಗ ಹೊಳೆಯಿತು, ಮಾಸ್ತಮ್ಮ ಹಾಡುವುದನ್ನು ಬಿಟ್ಟು ಎಷ್ಟು ವರ್ಷವಾಯಿತೋ. ಮದುವೆಯಾದ ಹೊಸದರಲ್ಲಿ ಒಲೆ ಮುಂದೆ ಕೂತರೆ ಸಾಕು, ಬೀಸೋ ಕಲ್ಲಿನ ಪದ ಗುನುಗುತ್ತಲೇ ಇರುತ್ತಿದ್ದಳು. ನಾನು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಅದು ಕೇಳುತ್ತಲೇ ನಿದ್ದೆ ಬರುತ್ತಿತ್ತು. ಯಾವಾಗ ನಿಂತಿತು ಎಂದು ಗಮನಿಸಲಿಲ್ಲ. ನನ್ನಂಥವನ ಜೊತೆ ಬಾಳಿದರೆ ಹಾಡು ಎಷ್ಟು ದಿನ ಬಂದೀತು. ಕೇಳೋಣ ಎಂದುಕೊಂಡೆ, ಕೇಳಲಿಲ್ಲ.

೨೮ ಜನವರಿ, ಶುಕ್ರವಾರ

ಡಯಾಲಿಸಿಸ್ ಶುರುವಾಗಿ ಅರ್ಧ ಗಂಟೆಗೆ ಚಳಿ. ಮಂಚವೇ ಗಡಗಡ. ಕುತ್ತಿಗೆಯ ಪೈಪು ಮತ್ತೆ ಕೆಟ್ಟಿದೆ. ಅಡ್ಮಿಟ್ ಮಾಡಿಕೊಂಡರು.

೩ ಫೆಬ್ರವರಿ, ಗುರುವಾರ

ಮನೆಗೆ ಬಂದೆ. ಹಳೇ ಪೈಪು ತೆಗೆದು ಇನ್ನೊಂದು ಬದಿಗೆ ಹೊಸದು ಹಾಕಿದ್ದಾರೆ. ಡಾಕ್ಟರು ನಗಲಿಲ್ಲ. "ಇದು ಮೂರನೇದು. ಇನ್ನೊಂದು ಸಲ ಹೀಗಾದ್ರೆ ನನಗೆ ಭಯ. ಕೈ ಬೇಗ ತಯಾರಾಗ್ಲಿ" ಎಂದರು.

ನನಗೂ ಭಯವಾಗಿದೆ. ಬರೆದಿಟ್ಟರೆ ಕಡಿಮೆಯಾಗುತ್ತದೇನೋ ಎಂದು ಬರೆಯುತ್ತಿದ್ದೇನೆ. ಆಗಲಿಲ್ಲ.

ಜ್ವರದ ದಿನಗಳಲ್ಲಿ ಲಾಗ್ ತಪ್ಪಿತು. ಮಾಸ್ತಮ್ಮ ದಿನಾ ಬೆಳಿಗ್ಗೆ ನನ್ನ ಕೈಗೆ ಕಿವಿಯಿಟ್ಟು ಕೇಳುತ್ತಿದ್ದಳಂತೆ. ಶಿವಪ್ರಸಾದ್ ಹೇಳಿಕೊಟ್ಟನಂತೆ. ಕೇಳಲಿ, ಸಂತೋಷ. ಆದರೆ ಲಾಗಿಗೆ ಸೇರಿಸುವಂತಿಲ್ಲ. ಅವಳಿಗೆ ಸಹಿಯ ಅಧಿಕಾರವಿಲ್ಲ.

೭ ಫೆಬ್ರವರಿ, ಸೋಮವಾರ

ನಡುಕ: ಇದೆ. ಶಬ್ದ: ಸರಿ. ಕೇಳಿದವರು: ಓಬಯ್ಯ.

ನಾಳ ದಪ್ಪವಾಗಲು ಸ್ಪಂಜಿನ ಚೆಂಡು ಅಮುಕಬೇಕಂತೆ. ಚೆಂಡಿಗೆ ಎಲ್ಲಿ ಹೋಗಲಿ. ಹಳೇ ಆಟೋದ ಪೋಂ ಪೋಂ ಹಾರ್ನು ಅಟ್ಟದ ಮೇಲಿತ್ತು. ಅದರ ರಬ್ಬರ್ ಬುರುಡೆ ಅಮುಕಿದರೆ ಬಹಳ ಹಿತ. ಸಂಜೆ ಜಗಲಿಯಲ್ಲಿ ಕೂತು ನೂರು ಸಲ ಪೋಂ ಪೋಂ ಎನ್ನಿಸಿದ್ದಕ್ಕೆ ಈಶ್ವರಮ್ಮನ ಮನೆಯವರು ಎರಡು ಸಲ ಗೇಟಿಗೆ ಬಂದು ನೋಡಿ ಹೋದರು. ನಾಳೆಯಿಂದ ಬುರುಡೆ ಮಾತ್ರ ಬಿಚ್ಚಿಕೊಳ್ಳಬೇಕು.

೧೩ ಫೆಬ್ರವರಿ, ಭಾನುವಾರ

ಬೆಳಿಗ್ಗೆಯೇ ಜಗಳ.

ಆಸ್ಪತ್ರೆಯಿಂದ ಬಂದ ಮೇಲೂ ಮಾಸ್ತಮ್ಮ ಅಭ್ಯಾಸ ಬಿಟ್ಟಿಲ್ಲ. ಕಾಫಿ ಲೋಟ ಇಟ್ಟು, ನನ್ನ ಮಣಿಕಟ್ಟಿಗೆ ಕಿವಿ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಾಳೆ. ದೇವರಿಗೆ ಹೂ ಕೇಳುವವರ ಹಾಗೆ. ಇವತ್ತು ಕಣ್ಣು ತೆಗೆದವಳೇ ಹೇಳಿದಳು.

"ಸೀಟಿ ಹೊಡ್ದಂಗೆ ಕೇಳ್ತೈತೆ ಕಣ್ರೀ. ಮೂರು ದಿನ ಆತು. ಮೊದ್ಲು ಇರ್ಲಿಲ್ಲ."

ನಾನೂ ಕೇಳಿದೆ. ಹೂಂ ಎನ್ನುತ್ತಿದೆ, ಗಡಿಯಾರ ಇಟ್ಟ ಹಾಗೆ. ಸೀಟಿಯೂ ಇಲ್ಲ, ಗೀಟಿಯೂ ಇಲ್ಲ.

"ಎಲ್ಲೋ ಹೊರಗೆ ಕುಕ್ಕರ್ ಕೂಗಿರ್ಬೇಕು" ಎಂದೆ.

"ಹೊರಗಲ್ಲ, ಇಲ್ಲೇ, ಹೊಲಿಗೆ ಹಾಕಿದ್ದಕ್ಕಿಂತ ಎರಡು ಬೆರಳು ಮೇಲೆ. ಸಣ್ಣಕೆ ಸುಯ್ ಅಂತೈತೆ. ಡಾಕ್ಟ್ರಿಗೆ ಹೇಳಾಣ."

"ಮೂವತ್ತೊಂದು ವರ್ಷ ಮಿಷನ್ ಕೇಳಿದೋನು ನಾನು. ರೊಟ್ಟಿ ತಟ್ಟೋಳಿಂದ ಬೇರಿಂಗ್ ಪಾಠ ಹೇಳಿಸ್ಕೋಬೇಕಾ?"

ಆಡಿದ ಮೇಲೆ ಸ್ವಲ್ಪ ಜಾಸ್ತಿಯಾಯಿತು ಎನ್ನಿಸಿತು. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ನಡುಕ: ಇದೆ. ಶಬ್ದ: ಸರಿ. ಕೇಳಿದವರು: ಓಬಯ್ಯ. (ಕಿವಿ ಓಬಯ್ಯ.)

೧೬ ಫೆಬ್ರವರಿ, ಬುಧವಾರ

ಮಣಿಕಟ್ಟಿನಲ್ಲಿ ಹೊಡೆತ ಮೊದಲಿಗಿಂತ ಜೋರಾಗಿದೆ! ಬೆರಳಿಟ್ಟರೆ ಒದೆಯುತ್ತದೆ. ಮಾಸ್ತಮ್ಮನಿಗೆ ತೋರಿಸಿದೆ. ಅವಳು ಮೊಣಕೈ ಹತ್ತಿರ ಮುಟ್ಟಿ ನೋಡಿ, "ಮೇಲೆ ಬಾಡಿದ ಬಳ್ಳಿ ಇದ್ದಂಗೈತಲ್ಲ" ಎಂದಳು. ಕೆಲವರಿಗೆ ಒಳ್ಳೆಯದು ಕಣ್ಣಿಗೆ ಬೀಳುವುದೇ ಇಲ್ಲ.

ನಡುಕ: ಮೇಲೆ ಸ್ವಲ್ಪ ಕಡಿಮೆ, ಕೆಳಗೆ ಜೋರು. ಶಬ್ದ: ಸರಿ. ಕೇಳಿದವರು: ಓಬಯ್ಯ.

೨೧ ಫೆಬ್ರವರಿ, ಸೋಮವಾರ

ಮಾಸ್ತಮ್ಮ ಬೆಳಿಗ್ಗೆ ಎಂಟಕ್ಕೇ ಶಿವಮೊಗ್ಗದ ಬಸ್ಸು ಹತ್ತಿದಳು. ರಾಗಿಗುಡ್ಡದಲ್ಲಿರುವ ತಂಗಿ ಪುಷ್ಪಮ್ಮನಿಗೆ ಮೈ ಸರಿಯಿಲ್ಲವಂತೆ. ನಾಳೆ ಹೇಗೂ ಇಬ್ಬರೂ ಶಿವಮೊಗ್ಗಕ್ಕೆ ಹೋಗುವವರೇ, ನಾಳೆ ನೋಡಿದರಾಗದೇ ಎಂದೆ. ಆಗಲ್ಲ ಎಂದಳು. ಅವಳು ಆಗಲ್ಲ ಎನ್ನುವುದು ಅಪರೂಪ.

ತಟ್ಟೆ ಮುಚ್ಚಿಟ್ಟು ಹೋಗಿದ್ದ ರೊಟ್ಟಿ ತಿಂದೆ. ಒಬ್ಬನೇ ಕೂತು ತಿಂದರೆ ರೊಟ್ಟಿ ಯಾಕೋ ದಪ್ಪ. ಮೂರು ಗಂಟೆಗೆ ಬಂದಳು. ಪುಷ್ಪಮ್ಮ ಹೇಗಿದ್ದಾಳೆ ಎಂದರೆ, "ಯಾವ ಪುಷ್ಪಮ್ಮ? ಹಾಂ, ಅದಾಳೆ" ಎಂದಳು. ವಯಸ್ಸಾಯಿತು ಪಾಪ.

೨೨ ಫೆಬ್ರವರಿ, ಮಂಗಳವಾರ

ಇವತ್ತಿನದು ಉದ್ದವಾಗುತ್ತದೆ.

ಡಯಾಲಿಸಿಸ್ ಅರ್ಧ ಆಗಿತ್ತು. ಆಪರೇಷನ್ ಮಾಡಿದ ಡಾಕ್ಟರು ಸೀದಾ ನನ್ನ ಮಂಚಕ್ಕೇ ಬಂದರು. ಮಂಗಳವಾರ ಅವರು ಬರುವ ದಿನವಲ್ಲ. ಮಣಿಕಟ್ಟಿಗೆ ಸ್ಟೆತಾಸ್ಕೋಪ್ ಇಟ್ಟರು, ಒಂದಿಂಚು ಮೇಲೆ ಸರಿಸಿದರು, ಹುಬ್ಬು ಗಂಟಾಯಿತು.

"ಸೀಟಿ ಅಂತ ಹೇಳಿದ್ದು ಯಾರು?"

"ಅವರ ಮನೆಯವರು ಸಾರ್" ಎಂದ ಶಿವಪ್ರಸಾದ್. "ನಿನ್ನೆ ಒಬ್ರೇ ಬಂದಿದ್ರು. ನೀವು ಆಪರೇಷನ್ ಮುಗ್ಸೋ ತನಕ ಬಾಗಿಲಲ್ಲೇ ನಿಂತಿದ್ರಲ್ಲ, ಅವರೇ."

"ನಿನ್ನೆ ಇವಳು ಪುಷ್ಪಮ್ಮನ ಮನೆಗೆ ಹೋಗಿದ್ದು" ಎಂದೆ. ಮಾಸ್ತಮ್ಮ ತಲೆಯೆತ್ತಿ ಫ್ಯಾನು ನೋಡುತ್ತಿದ್ದಳು.

ಡಾಕ್ಟರು ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಹಾಕಿದರು. ಎಂಥ ಸಾಮಾನು ಅದು! ಸ್ಕ್ರೂಡ್ರೈವರ್ ಅದರ ಮುಂದೆ ಏನೂ ಅಲ್ಲ.

"ಮೋಟಾರು ಚೆನ್ನಾಗಿದೆ ಸಾರ್. ಹೂಂ ಅಂತಿದೆ."

"ಅದರ ಮೇಲೆ ಸಣ್ಣಗೆ ಸೀಟಿ?"

"ಇಲ್ಲ."

ಡಾಕ್ಟರು ಶಿವಪ್ರಸಾದ್ ಮುಖ ನೋಡಿದರು. ಅವನು ತನ್ನ ಎಲೆಕ್ಟ್ರಾನಿಕ್ ವಾಚು ಬಿಚ್ಚಿ, ಯಾವುದೋ ಗುಂಡಿ ಒತ್ತಿ, ನನ್ನ ಕಿವಿಯ ಪಕ್ಕ ಹಿಡಿದ. ನಾನು ಕಾದೆ. ಮೇಷ್ಟ್ರು ತಿರುಗಿ ನೋಡಿದರು. ಆಚೆ ಮಂಚದ ಹೆಂಗಸೂ ತಿರುಗಿದಳು. ಬಾಗಿಲ ಹತ್ತಿರ ನೆಲ ಒರೆಸುತ್ತಿದ್ದ ಆಯಾ ಕೂಡ ತಲೆಯೆತ್ತಿದಳು.

"ಏನು?" ಎಂದೆ.

"ಅಲಾರಂ ಹೊಡೀತಿದೆ ಓಬಯ್ಯನೋರೇ" ಎಂದ ಶಿವಪ್ರಸಾದ್, ಬಹಳ ಮೆಲ್ಲಗೆ. ಅವನ ತುಟಿ ನೋಡಿ ತಿಳಿದುಕೊಂಡೆ.

ಡಾಕ್ಟರು ಮಂಚದ ಅಂಚಿಗೆ ಕೂತರು. ಕಾರ್ಖಾನೆಯ ಗದ್ದಲ ಮೊದಲು ತಿನ್ನುವುದು ಸಣ್ಣ, ಎತ್ತರದ ಶಬ್ದಗಳನ್ನಂತೆ. ದಪ್ಪ ಶಬ್ದ ಉಳಿಯುತ್ತದೆ, ಹಾಗಾಗಿ ಕಿವಿ ಕೆಟ್ಟಿದೆ ಎಂದು ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ನನ್ನ ಕೈಯಲ್ಲಿ ಹೊಲಿಗೆಯ ಸ್ವಲ್ಪ ಮೇಲೆ ನಾಳ ಕಿರಿದಾಗಿದೆ. ಕಿರಿದಾದ ಕಡೆ ರಕ್ತ ನುಗ್ಗಿದರೆ ಬರುವುದೇ ಆ ಸೀಟಿ.

"ಆದ್ರೆ ಕೆಳಗೆ ಹೊಡೆತ ಜೋರಾಗಿದೆಯಲ್ಲ ಸಾರ್" ಎಂದೆ. ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಮುಂದೆ ವಾಲ್ವು ಅರ್ಧ ಮುಚ್ಚಿದ್ದರೆ ಹಿಂದಿನ ಪೈಪು ಒದೆಯುತ್ತದೆ, ಮುಂದಿನದು ಸೊರಗುತ್ತದೆ. ಟ್ರೈನಿಂಗಿಗೆ ಬಂದ ಹುಡುಗ ಇಷ್ಟು ತಿಳಿಯದಿದ್ದರೆ ಅಂಗಳದಲ್ಲಿ ನಿಲ್ಲಿಸಿ ಬೈದಿರುತ್ತಿದ್ದೆ. ಬಾಡಿದ ಬಳ್ಳಿ ಎಂದು ಅವಳು ಹೇಳಿರಲಿಲ್ಲವೇ.

"ಗುರುವಾರ ಮತ್ತೆ ಬಿಚ್ಚೋಣ" ಎಂದರು ಡಾಕ್ಟರು. "ಕಿರಿದಾದ ಜಾಗ ಬಿಟ್ಟು ಮೇಲೆ ಹೊಸದಾಗಿ ಜೋಡಿಸ್ತೀನಿ. ಒಂದು ವಾರ ತಡ ಆಗಿದ್ರೆ ಹೆಪ್ಪುಗಟ್ಟಿ ಪೂರ್ತಿ ಮುಚ್ಚಿ ಹೋಗ್ತಿತ್ತು. ಆಮೇಲೆ ನನ್ನ ಕೈಲಿ ಏನೂ ಇರ್ತಿರ್ಲಿಲ್ಲ."

ಮೇಷ್ಟ್ರು ನನ್ನ ಕಡೆ ಬಗ್ಗಿ, ಈ ಸಲ ಗಂಟಲು ಬಿಚ್ಚಿ ಹೇಳಿದರು. "ದೀಪದ ಬುಡದಲ್ಲೇ ಕತ್ತಲೆ ಮಾರಾಯ. ನಾನು ಒಂದು ತಿಂಗಳಿಂದ ನಿನಗೆ ಎಷ್ಟು ತಮಾಷೆ ಹೇಳಿದೆ, ಒಂದಕ್ಕೂ ನಗಲಿಲ್ಲ. ಗಂಭೀರ ಮನುಷ್ಯ ಅಂದ್ಕೊಂಡಿದ್ದೆ."

ಸಂಜೆ ಬಸ್ಸಿನಲ್ಲಿ ವಾಪಸ್ ಹೊರಟೆವು. ನಿದಿಗೆ ಊರು ಬಂದಾಗ ಅವಳೇ ಕೇಳಿದಳು.

"ಸುಳ್ಳು ಹೇಳಿ ಹೋದೆ ಅಂತ ಬೈತೀರಾ?"

ನಾನು ಬೇರೆಯದೇ ಕೇಳಿದೆ. "ಕುಕ್ಕರ್ ಕೂಗ್ತಿತ್ತಾ?"

"ಮೂರು ಸಲ. ದಿನಾ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ನೀವು ವಾಷರ್ ಬದಲಾಯಿಸಿದ್ರಿ."

"ಗುಬ್ಬಿ?"

"ಸೂರಾಗೇ ಅವೆ. ಮರಿ ಮಾಡ್ಯಾವೆ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕುಕ್ಕರು ಡೊಂಕು ಎಂದೆ.

೨೩ ಫೆಬ್ರವರಿ, ಬುಧವಾರ

ನಡುಕ: ಕಡಿಮೆ. ಶಬ್ದ: ನನಗೆ ಗೊತ್ತಿಲ್ಲ.

ಮೂವತ್ತೊಂದು ವರ್ಷದಲ್ಲಿ ಕೊನೆಯ ಎಷ್ಟು ವರ್ಷ ಸುಳ್ಳು ಸಹಿ ಹಾಕಿದೆನೋ ಎಂದು ಯೋಚಿಸುತ್ತಾ ಕೂತೆ. ಅಳು ಬಂತು. ಮಾಸ್ತಮ್ಮ ನೋಡಿದಳು, ನೋಡದವಳ ಹಾಗೆ ಮಜ್ಜಿಗೆ ತಂದಿಟ್ಟಳು. ಅರ್ಧ ಲೋಟ. ನನಗೆ ದಿನಕ್ಕೆ ಇಷ್ಟೇ ನೀರು ಎಂಬ ಲೆಕ್ಕ ಇದೆ ಎಂಬುದನ್ನು ಅವಳು ದುಃಖದಲ್ಲೂ ಮರೆಯುವುದಿಲ್ಲ.

೨೫ ಫೆಬ್ರವರಿ, ಶುಕ್ರವಾರ

ನಿನ್ನೆ ಆಯಿತು. ಎರಡು ಗಂಟೆ ಹಿಡಿಯಿತು. ಮರಗಟ್ಟಿಸಿದ್ದು ಕೈಯೊಂದೇ ಆದ್ದರಿಂದ ಎಲ್ಲ ಗೊತ್ತಾಗುತ್ತಿತ್ತು. ಹೊಲಿದು ಮುಗಿಸಿದ ಮೇಲೆ ಡಾಕ್ಟರು ಮಾಸ್ತಮ್ಮನನ್ನು ಒಳಗೆ ಕರೆಸಿದರು. ಅವಳಿಗೂ ಹಸಿರು ಟೋಪಿ, ಹಸಿರು ಗೌನು. ಮದುವೆಯಲ್ಲೂ ಇವಳು ಇಷ್ಟು ನಾಚಿಕೊಂಡಿರಲಿಲ್ಲ.

"ಅಮ್ಮ, ಕೇಳಿ ಹೇಳಿ" ಎಂದು ಸ್ಟೆತಾಸ್ಕೋಪ್ ಕೊಟ್ಟರು.

ಅವಳು ಕಣ್ಣು ಮುಚ್ಚಿದಳು. ಬೇರಿಂಗ್ ಬಿಚ್ಚಿಸಿದ ದಿನ ಎಂಜಿನಿಯರು ನನ್ನ ಮುಖ ಹೇಗೆ ನೋಡಿರಬಹುದು ಎಂದು ನನಗೆ ಆಗ ತಿಳಿಯಿತು.

"ಹೆಂಗೈತೆ?" ಎಂದೆ, ತಡೆಯಲಾರದೆ.

"ಸೀಟಿ ಇಲ್ಲ. ರಂಜಿನಿ ಸಣ್ಣೋಳಿದ್ದಾಗ ಸಕ್ರೆಬೈಲಿಗೆ ಹೋಗಿದ್ವಲ್ಲ, ಆನೆ ಹತ್ರ ನಿಂತಾಗ ಅದರ ಹೊಟ್ಟೆಯೊಳಗೆ ಗುಡುಗುಡು ಅಂತಿತ್ತಲ್ಲ, ಹಂಗೈತೆ."

ಡಾಕ್ಟರು ಮಾಸ್ಕಿನೊಳಗೇ ನಕ್ಕರು. "ಹಾಗೇ ಇರ್ಬೇಕು" ಎಂದರು.

೨೭ ಫೆಬ್ರವರಿ, ಭಾನುವಾರ

ಸಹಿಯ ಅಧಿಕಾರ ಕೊಟ್ಟಿದ್ದೇನೆ. ಬೇಡ ಬೇಡ ಎಂದಳು, ಆಮೇಲೆ ಕೈ ತೊಳೆದುಕೊಂಡು ಬಂದು ಕೂತಳು. ಅಕ್ಷರ ಎಷ್ಟು ದೊಡ್ಡದೆಂದರೆ ಎರಡು ಸಾಲು ನುಂಗಿತು. ಲಾಗಿನಲ್ಲಿ ಒಂದೇ ಸಾಲಿಗೆ ಸಹಿ ಎಂದು ನಿಯಮ. ಇರಲಿ.

ನಡುಕ: ಇದೆ. (ಇದನ್ನು ನಾನೇ ನೋಡಿದೆ, ಬೆರಳು ಇನ್ನೂ ಕೆಟ್ಟಿಲ್ಲ.) ಶಬ್ದ: ಆನೆ. ಕೇಳಿದವರು: ಮಾಸ್ತಮ್ಮ.

೧೦ ಮಾರ್ಚ್, ಗುರುವಾರ

ನಡುಕ: ಇದೆ. ಶಬ್ದ: ಆನೆ. ಕೇಳಿದವರು: ಮಾಸ್ತಮ್ಮ.

ನಾಳ ಮೊಣಕೈವರೆಗೆ ಉಬ್ಬುತ್ತಿದೆ. ಬಳ್ಳಿಗೆ ನೀರು ಹತ್ತಿದೆ ಎಂದಳು. ಹಾರ್ನಿನ ಬುರುಡೆ ಒಡೆದು ಹೋಯಿತು, ಈಶ್ವರಮ್ಮ ತಾವಾಗೇ ಮೊಮ್ಮಗನ ಚೆಂಡು ತಂದುಕೊಟ್ಟರು.

ಈಗ ಮಾಸ್ತಮ್ಮ ಏನಾದರೂ ಹೇಳಬೇಕಾದರೆ ಎದುರಿಗೆ ಬಂದು ನಿಂತು ಹೇಳುತ್ತಾಳೆ. ಅವಳ ಬಲಗೆನ್ನೆಯಲ್ಲಿ ಗುಳಿ ಬೀಳುವುದು ಮೂವತ್ತು ವರ್ಷದ ನಂತರ ಮತ್ತೆ ಕಾಣುತ್ತಿದೆ.

೨೯ ಮಾರ್ಚ್, ಮಂಗಳವಾರ

ಇವತ್ತು ಸೂಜಿ! ಕೈಗೇ! ಎರಡು ಸೂಜಿ, ಪೆನ್ನಿನ ರೀಫಿಲ್ಲಿನಷ್ಟು ದಪ್ಪ. ಶಿವಪ್ರಸಾದ್ ಚುಚ್ಚುವ ಮೊದಲು ಮಾಸ್ತಮ್ಮನ ಕಡೆ ನೋಡಿದ, ಅವಳು ಕೇಳಿ ತಲೆಯಾಡಿಸಿದ ಮೇಲೇ ಚುಚ್ಚಿದ. ನೋವಾಯಿತು. ಆದರೆ ಯಂತ್ರ ತಿರುಗಿತು, ನಾಲ್ಕು ಗಂಟೆ ಒಂದು ಸಲವೂ ಅಲಾರಂ ಹೊಡೆಯಲಿಲ್ಲ. ಹೊಡೆದರೆ ಹೇಳುತ್ತೇನೆ ಎಂದು ಮಾಸ್ತಮ್ಮ ಮೊದಲೇ ಹೇಳಿದ್ದಳು.

೫ ಏಪ್ರಿಲ್, ಮಂಗಳವಾರ

ಕುತ್ತಿಗೆಯ ಪೈಪು ತೆಗೆದರು. ಆಸ್ಪತ್ರೆಯ ಕನ್ನಡಿಯಲ್ಲಿ ನೋಡಿಕೊಂಡೆ, ಕತ್ತು ಮತ್ತೆ ನನ್ನದೇ. ಮೇಷ್ಟ್ರು ತಮ್ಮ ಕೈಯನ್ನೂ ನನ್ನ ಕೈಯನ್ನೂ ಪಕ್ಕಪಕ್ಕ ಹಿಡಿದು, "ಸೋರೆ, ಹೀರೆ" ಎಂದರು. ಈ ಸಲ ಕೇಳಿಸಿತು, ನಕ್ಕೆ.

ಹೊರಡುವಾಗ ಶಿವಪ್ರಸಾದ್ ಹಳೆಯದೊಂದು ಸ್ಟೆತಾಸ್ಕೋಪ್ ತಂದು ಕೊಟ್ಟ. ನಾನು ಕೈ ಚಾಚಿದೆ. "ನಿಮಗಲ್ಲ, ಅಮ್ಮನಿಗೆ" ಎಂದ.

೬ ಏಪ್ರಿಲ್, ಬುಧವಾರ

ಬೆಳಿಗ್ಗೆ ಅವಳು ತನ್ನ ಹೊಸ ಸಾಮಾನಿನಲ್ಲಿ ನನ್ನ ಕೈ ಕೇಳಿ, ಸಹಿ ಹಾಕಿ, ರೊಟ್ಟಿ ತಟ್ಟಲು ಹೋದಳು. ಸ್ಟೆತಾಸ್ಕೋಪು ಮೇಜಿನ ಮೇಲಿತ್ತು. ಸುಮ್ಮನಿರಲಾಗಲಿಲ್ಲ. ಗೋಡೆ ಗಡಿಯಾರ ಕೇಳಿದೆ, ಫ್ರಿಜ್ಜು ಕೇಳಿದೆ, ಫ್ರಿಜ್ಜಿನ ಮೋಟಾರು ಇನ್ನೆರಡು ವರ್ಷ ಬರಬಹುದು.

ಆಮೇಲೆ ಅಡುಗೆಮನೆಗೆ ಹೋದೆ. ಅವಳು ನನಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಳು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅವಳ ಬೆನ್ನಿಗೆ, ಎರಡು ಭುಜದ ನಡುವೆ ಇಟ್ಟೆ.

"ಏನ್ರೀ ಇದು! ಬಿಡ್ರೀ, ರೊಟ್ಟಿ ಸೀದೋಗ್ತೈತೆ!"

"ನಿಲ್ಲಿಸ್ಬೇಡ ಮಾರಾಯ್ತಿ. ಈಗ ಏನು ಮಾಡ್ತಿದ್ದೆ, ಅದನ್ನೇ ಮಾಡು."

"ಏನು ಮಾಡ್ತಿದ್ದೆ? ರೊಟ್ಟಿ ತಟ್ತಿದ್ದೆ."

"ಅದಲ್ಲ. ಅದರ ಜೊತೆಗೆ."

ಅವಳು ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು. ಆಮೇಲೆ ಹಿಟ್ಟಿನ ಉಂಡೆ ಎತ್ತಿಕೊಂಡಳು, ಕೈ ತಟ್ಟತೊಡಗಿತು, ಅದರ ಹಿಂದೆಯೇ ಅದೂ ಬಂತು. ಬೀಸೋ ಕಲ್ಲಿನ ಪದ. ಅದೇ ಧಾಟಿ, ಅದೇ ಕಡೆ ಇಳಿಯುವುದು, ಅದೇ ಕಡೆ ಉಸಿರು ತೆಗೆದುಕೊಳ್ಳುವುದು.

"ಯಾವಾಗಿಂದ ಮತ್ತೆ ಹಾಡಕ್ಕೆ ಶುರು ಮಾಡಿದ್ಯೇ?" ಎಂದು ಕೇಳಿದೆ.

ತಿರುಗಿ, ನನಗೆ ತುಟಿ ಕಾಣುವ ಹಾಗೆ ನಿಂತು ಹೇಳಿದಳು. "ನಿಲ್ಸಿದ್ಯಾವಾಗ?"

ಒಂದು ರೊಟ್ಟಿ ಸೀದಿತು. ಅದನ್ನು ನಾನೇ ತಿಂದೆ.

ನಡುಕ: ಇದೆ. ಶಬ್ದ: ಆನೆ. ಕೇಳಿದವರು: ಮಾಸ್ತಮ್ಮ.

ಅಡುಗೆಮನೆ: ಹಾಡು ಇದೆ. ಕೇಳಿದವರು: ಓಬಯ್ಯ.